ಹಳೇ ಜಗಳಕ್ಕೆ ಯಾವ ದಾರಿ? ಶಾಂತಿ ಕೆಲಸಕ್ಕೆ ಹೊರಟವರಿಗೆ ಒಂದು ಹೋಲಿಕೆ

ಧಾರವಾಡದಲ್ಲಿ ಸೈಕಾಲಜಿ, ಎಂಎಸ್‌ಡಬ್ಲ್ಯೂ ಓದಿದ ಹುಡುಗ ಹುಡುಗಿಯರು ಈಗ ಎಲ್ಲೆಲ್ಲೋ ಕೆಲಸದಲ್ಲಿದ್ದಾರೆ. ಒಬ್ಬಳು ಮಣಿಪುರದಲ್ಲಿ, ಒಬ್ಬ ಕಾಶ್ಮೀರದಲ್ಲಿ, ಇನ್ನೊಬ್ಬ ಇಲ್ಲೇ ಹುಬ್ಬಳ್ಳಿಯ ಎರಡು ಓಣಿಗಳ ನಡುವೆ. ವರ್ಷಕ್ಕೆ ಎರಡು ಮೂರು ಸಲ ಯಾರಾದರೂ ಫೋನ್ ಮಾಡಿ ಕೇಳುವ ಪ್ರಶ್ನೆ ಮಾತ್ರ ಒಂದೇ. "ಮೇಡಂ, ಪ್ರಾಜೆಕ್ಟ್ ಬರದ್ ಕೊಡು ಅಂದಾರ್ರಿ. ಹುಡುಗರ ಕ್ಯಾಂಪ್ ಮಾಡೂದೇನ್ರಿ, ಕೌನ್ಸೆಲಿಂಗ್ ಮಾಡೂದೇನ್ರಿ, ಎರಡೂ ಕಡಿ ಮಂದೀನ ಕೂಡ್ಸಿ ಮಾತಾಡ್ಸೂದೇನ್ರಿ? ರೊಕ್ಕ ಒಂದಕ್ಕಷ್ಟ ಸಾಕಾಗ್ತೈತ್ರಿ."

ಅವರಿಗೆಲ್ಲ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಡಿ ಎಲ್ಲಿ ಹಾಕಬೇಕು, ಯಾರಿಗೆ ಎಷ್ಟು ಅಧಿಕಾರ ಕೊಡಬೇಕು ಅನ್ನುವುದನ್ನು ಇಲ್ಲಿರುವ ಯಾವ ದಾರಿಯೂ ತೀರ್ಮಾನಿಸುವುದಿಲ್ಲ. ಅದು ರಾಜಕೀಯದವರ ಕೆಲಸ. ಆ ತೀರ್ಮಾನ ಬಂದ ದಿನ ಜನ ಅದನ್ನು ಒಪ್ಪುವ ಸ್ಥಿತಿಯಲ್ಲಿ ಇರುತ್ತಾರಾ ಇಲ್ಲವಾ ಅನ್ನುವುದಷ್ಟೇ ನಮ್ಮ ಪಾಲಿಗೆ ಬರುವುದು. ಅದೇನು ಸಣ್ಣ ಕೆಲಸ ಅಂದುಕೊಳ್ಳಬೇಡಿ.

ಜಗಳ ತಲೆಯೊಳಗೆ ಮನೆ ಮಾಡಿದ ಮೇಲೆ

ಇಸ್ರೇಲಿನ ಮನಶ್ಶಾಸ್ತ್ರಜ್ಞ ಡೇನಿಯಲ್ ಬಾರ್-ತಾಲ್ ಇಂಥ ಮುಗಿಯದ ಜಗಳಗಳ ಮೇಲೆ ಬಹಳ ವರ್ಷ ಕೆಲಸ ಮಾಡಿದವರು. ಅವರು ಹೇಳುವುದು ಸುಮಾರಾಗಿ ಹೀಗೆ: ತಲೆಮಾರುಗಟ್ಟಲೆ ಹೊಡೆದಾಟದ ನಡುವೆ ಬದುಕಬೇಕಾದ ಜನ ಅದನ್ನು ತಡೆದುಕೊಳ್ಳಲು ಬೇಕಾದ ನಂಬಿಕೆಗಳನ್ನು ಬೆಳೆಸಿಕೊಳ್ಳುತ್ತಾರೆ. ನ್ಯಾಯ ನಮ್ಮ ಕಡೆಗೇ ಇದೆ, ಪೆಟ್ಟು ತಿಂದವರು ನಾವೇ, ಅವರನ್ನು ನಂಬುವ ಹಾಗಿಲ್ಲ. ಪಾಠದ ಪುಸ್ತಕ, ಹಬ್ಬ, ಹಾಡು, ಗೋಡೆಯ ಮೇಲಿನ ಸತ್ತವರ ಫೋಟೋ, ಎಲ್ಲ ಕಡೆ ಅದೇ ಕಥೆ. ಕಷ್ಟದ ಕಾಲದಲ್ಲಿ ಆ ಕಥೆ ಆಸರೆಯೂ ಹೌದು, ಅದಕ್ಕೇ ಬಿಡುವುದು ಕಷ್ಟ.

2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಸ್ರೇಲಿ ಯಹೂದಿಗಳಿಗೆ ಒಂದು ಶಾಂತಿ ಪ್ರಸ್ತಾಪ ಓದಲು ಕೊಟ್ಟರು. ಬರೆದದ್ದು ಇಸ್ರೇಲ್ ಸರ್ಕಾರವೇ. ಆದರೆ ಇದು ಪ್ಯಾಲೆಸ್ಟೀನ್ ಕಡೆಯದ್ದು ಅಂತ ಹೇಳಿ ಕೊಟ್ಟಾಗ ಅದೇ ಕಾಗದ ಅವರಿಗೆ ಕೆಟ್ಟದಾಗಿ ಕಂಡಿತು. ಹೊಲದ ಬದುವಿನ ಜಗಳ ನೋಡಿದ ನಮ್ಮವರಿಗೆ ಇದೇನು ಹೊಸದಲ್ಲ ಬಿಡಿ. ತಮ್ಮ ಕಳಿಸಿದ ಹೋಳಿಗೆಯಲ್ಲೂ ಅಣ್ಣ ಏನೋ ಮಸಲತ್ತು ಹುಡುಕುತ್ತಾನೆ.

ಹೀಗಾಗಿ ಯಾವ ದಾರಿ ಚೆಂದ ಅಂತ ಕೇಳುವ ಮೊದಲು ನಾನು ಹುಡುಗರನ್ನೇ ಮೂರು ಮಾತು ಕೇಳುತ್ತೇನೆ. ಅಲ್ಲಿ ಹೊಡೆದಾಟ ಈಗಲೂ ನಡೀತಿದೆಯಾ, ನಿಂತು ಎಷ್ಟು ದಿನ ಆಯಿತು? ನೀನು ಕೂಡಿಸಬೇಕು ಅಂದುಕೊಂಡಿರುವ ಎರಡು ಕಡೆಗಳಲ್ಲಿ ಯಾರ ಕೈ ಮೇಲಿದೆ? ಕಾರ್ಯಕ್ರಮ ಮುಗಿದ ಸಂಜೆ ಆ ಜನ ವಾಪಸ್ ಹೋಗುವ ಓಣಿ ಎಂಥದ್ದು? ಮೂರನೆಯದಕ್ಕೆ ಉತ್ತರ ಗೊತ್ತಿಲ್ಲದೆ ಶುರು ಮಾಡಿದ ಕೆಲಸ ಬಾಳಿಕೆ ಬಂದದ್ದನ್ನು ನಾನು ನೋಡಿಲ್ಲ. ನಾನೇ ಮಾಡಿ ಕೆಟ್ಟಿದ್ದೇನೆ, ಹೇಳುತ್ತೇನೆ.

ಕೂಡಿಸಿ ಊಟ ಹಾಕುವುದು

ಬಹಳ ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಎರಡು ಓಣಿಗಳ ಮಕ್ಕಳನ್ನು ಸೇರಿಸಿ ಒಂದು ದಿನದ ಸೌಹಾರ್ದ ಶಿಬಿರ ಮಾಡಿದೆವು. ಹಾಡು, ಚಿತ್ರ ಬಿಡಿಸುವುದು, ಮಧ್ಯಾಹ್ನ ಪಲಾವು, ಕೊನೆಗೆ ಕೈ ಕೈ ಹಿಡಿದು ಫೋಟೋ. ಎಲ್ಲರಿಗೂ ಬಿಳಿ ಟೀ ಶರ್ಟು. ಮರುವಾರ ಆ ಕಡೆ ಹೋದರೆ ಅದೇ ಟೀ ಶರ್ಟು ಹಾಕಿಕೊಂಡ ಹುಡುಗರು ಗಟಾರದ ಆಚೆ ಈಚೆ ನಿಂತು ಕಲ್ಲು ಎಸೆಯುತ್ತಿದ್ದರು. ನಮ್ಮ ಕಡೆ ನೋಡಿ ನಮಸ್ಕಾರ ಬೇರೆ ಮಾಡಿದರು! ಆ ಮಕ್ಕಳ ತಪ್ಪೇನೂ ಇರಲಿಲ್ಲ.

ಜನ ಒಬ್ಬರನ್ನೊಬ್ಬರು ನೋಡಿದರೆ ದ್ವೇಷ ಕರಗುತ್ತೆ ಅನ್ನುವ ನಂಬಿಕೆ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದಕ್ಕೆ ಷರತ್ತು ಹಾಕಿದ್ದರು. ಆ ಹೊತ್ತಿನಲ್ಲಿ ಎರಡೂ ಕಡೆಯವರು ಸರಿಸಮ ಇರಬೇಕು. ಗುರಿ ಒಂದೇ ಇರಬೇಕು. ಅದಕ್ಕಾಗಿ ಜೊತೆಯಲ್ಲಿ ದುಡಿಯಬೇಕು. ಮೇಲಿನವರ, ಅಂದರೆ ಕಾನೂನು, ಸರ್ಕಾರ, ಊರ ಹಿರಿಯರ ಬೆಂಬಲ ಇರಬೇಕು. ಮುಂದೆ 2006ರಲ್ಲಿ ಪೆಟಿಗ್ರೂ ಮತ್ತು ಟ್ರಾಪ್ ಅನ್ನುವವರು 515 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಸಂಪರ್ಕದಿಂದ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆ ಆಗುತ್ತದೆ ಅಂತಲೇ ಕಂಡಿತು. ಷರತ್ತುಗಳು ಪೂರ್ತಿ ಇಲ್ಲದಿದ್ದರೂ ಸ್ವಲ್ಪ ಕೆಲಸ ಮಾಡುತ್ತದೆ, ಇದ್ದರೆ ಜಾಸ್ತಿ. ನಮ್ಮ ಪಲಾವು ಶಿಬಿರದಲ್ಲಿ ಒಂದೂ ಸರಿಯಾಗಿ ಇರಲಿಲ್ಲ.

ಮುಜಫರ್ ಶರೀಫ್ ಅಂತ ಒಬ್ಬರಿದ್ದರು, ಟರ್ಕಿಯಿಂದ ಅಮೆರಿಕಕ್ಕೆ ಹೋದವರು. (ಹೆಸರು ಕೇಳಿದರೆ ನಮಗೆ ಶಿಶುನಾಳವೇ ನೆನಪಾಗುತ್ತೆ, ಅಲ್ವಾ.) 1954ರಲ್ಲಿ ಒಕ್ಲಹೋಮಾದ ಒಂದು ಕಾಡಿನ ಶಿಬಿರಕ್ಕೆ 22 ಹುಡುಗರನ್ನು ಕರೆದುಕೊಂಡು ಹೋಗಿ ಎರಡು ಗುಂಪು ಮಾಡಿ, ಪಂದ್ಯ ಕಟ್ಟಿ, ಬೇಕಂತಲೇ ಜಗಳ ಹುಟ್ಟಿಸಿದರು. ಈಗಿನ ಕಾಲದಲ್ಲಿ ಇಂಥದ್ದಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು. ಇರಲಿ. ಜಗಳ ಬಿಡಿಸಲು ಮೊದಲು ಇಬ್ಬರಿಗೂ ಒಟ್ಟಿಗೆ ಊಟ ಹಾಕಿದರು, ಸಿನಿಮಾ ತೋರಿಸಿದರು. ಹುಡುಗರು ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ಆಮೇಲೆ ಶಿಬಿರದ ನೀರು ನಿಂತಿತು, ಊಟ ತರಬೇಕಾದ ಟ್ರಕ್ ಸ್ಟಾರ್ಟ್ ಆಗಲಿಲ್ಲ. ಇವೆರಡೂ ಶರೀಫರೇ ಹೂಡಿದ್ದ ಆಟ. ಎರಡೂ ಗುಂಪು ಸೇರಿ ನೀರಿನ ದಾರಿ ಹುಡುಕಬೇಕಾಯಿತು, ಟ್ರಕ್ ಎಳೆಯಬೇಕಾಯಿತು. ಟ್ರಕ್ಕಿಗೆ ಕಟ್ಟಿದ ಹಗ್ಗ ಯಾವುದು ಗೊತ್ತಾ? ಅವರೇ ಹಗ್ಗಜಗ್ಗಾಟದಲ್ಲಿ ಆ ಕಡೆ ಈ ಕಡೆ ನಿಂತು ಎಳೆದಾಡಿದ್ದ ಹಗ್ಗ. ಇಂಥ ಕೆಲಸಗಳು ಒಂದರ ಮೇಲೊಂದು ಬಂದ ಮೇಲೆ ಜಗಳ ನಿಧಾನಕ್ಕೆ ಇಳಿಯಿತು.

ಇತ್ತೀಚಿನ ಎರಡು ಪ್ರಯೋಗಗಳು ಇದಕ್ಕಿಂತ ಪ್ರಾಮಾಣಿಕ. ಐಸಿಸ್ ಕಾಲದಲ್ಲಿ ಊರು ಬಿಟ್ಟು ಓಡಿದ್ದ ಇರಾಕಿನ ಕ್ರಿಶ್ಚಿಯನ್ ಯುವಕರಿಗೆ ಸಲ್ಮಾ ಮೂಸಾ ಅನ್ನುವ ಸಂಶೋಧಕಿ ಫುಟ್‌ಬಾಲ್ ಲೀಗ್ ನಡೆಸಿದರು. ಕೆಲವು ತಂಡಗಳಲ್ಲಿ ಬರೀ ಕ್ರಿಶ್ಚಿಯನ್ನರು, ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. 2020ರಲ್ಲಿ ಬಂದ ಫಲಿತಾಂಶ ಏನು ಹೇಳಿತು ಅಂದರೆ, ಬೆರೆತು ಆಡಿದವರು ಮುಂದಿನ ಸಲವೂ ಬೆರೆತ ತಂಡಕ್ಕೇ ಹೆಸರು ಕೊಟ್ಟರು, ಬೇರೆ ತಂಡದ ಮುಸ್ಲಿಂ ಆಟಗಾರನಿಗೆ ಬಹುಮಾನಕ್ಕೆ ಮತ ಹಾಕಿದರು. ಆದರೆ ಮುಸ್ಲಿಮರು ಜಾಸ್ತಿ ಇರುವ ಮೊಸುಲ್‌ಗೆ ಹೋಗಿ ಹೋಟೆಲಿನಲ್ಲಿ ಊಟ ಮಾಡುವ ವಿಷಯ ಬಂದಾಗ ಅಂಥ ಬದಲಾವಣೆ ಕಾಣಲಿಲ್ಲ. ಮೈದಾನದ ಗೆಳೆತನ ಮೈದಾನದಲ್ಲೇ ಉಳಿಯಿತು. ಇನ್ನೊಂದು ನಮ್ಮ ದೇಶದ್ದೇ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಥ್ಯೂ ಲೋ ಕ್ರಿಕೆಟ್ ಲೀಗ್ ಮಾಡಿ ಬೇರೆ ಬೇರೆ ಜಾತಿಯ ಹುಡುಗರನ್ನು ಆಡಿಸಿದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ದಾಟಿದ ಗೆಳೆತನ ಬೆಳೆಯಿತು. ಎದುರಾಳಿಯಾಗಿ ಆಡಿಸಿದಾಗ ಆ ಲಾಭ ಸಿಗಲಿಲ್ಲ, ಕೆಲವು ಕಡೆ ಉಲ್ಟಾ ಹೊಡೆಯಿತು. ಹಾಗಾಗಿ ದಯವಿಟ್ಟು "ಆ ಓಣಿ ವರ್ಸಸ್ ಈ ಓಣಿ ಸೌಹಾರ್ದ ಕಪ್" ಮಾಡಬೇಡಿ. ಹೆಸರಲ್ಲೇ ಕೆಟ್ಟಿರುತ್ತೆ.

ಗದಗ, ಹಾವೇರಿ ಕಡೆಯ ಹಳ್ಳಿಗಳ ಮೊಹರಂ ನೋಡಿದವರಿಗೆ ಆಲ್‌ಪೋರ್ಟ್ ಬೇಗ ಅರ್ಥ ಆಗುತ್ತಾರೆ. ಅಲಾಯಿ ಕುಣಿ, ಅಂದರೆ ಹಬ್ಬದ ಬೆಂಕಿಯ ಗುಂಡಿ, ತೋಡುವವರು ಒಬ್ಬರು, ದೇವರು (ಪಂಜಾ) ಹೊರುವವರು ಇನ್ನೊಬ್ಬರು, ಹಲಗಿ ಬಾರಿಸುವ ಮನೆತನ ಮತ್ತೊಂದು. ಎಷ್ಟೋ ಊರಲ್ಲಿ ದೇವರು ಹೊರುವವರೇ ಹಿಂದೂಗಳು. ಅಲ್ಲಿ ಯಾರೂ ಸೌಹಾರ್ದದ ಭಾಷಣ ಮಾಡುವುದಿಲ್ಲ. ಒಬ್ಬರು ಬರದಿದ್ದರೆ ಹಬ್ಬ ನಿಲ್ಲುತ್ತೆ, ಅಷ್ಟೇ. ವರ್ಷಕ್ಕೊಮ್ಮೆ ಬಂದೇ ಬರುತ್ತೆ ಅನ್ನುವುದೂ ದೊಡ್ಡ ವಿಷಯ.

ಮೇಲಿನವರ ಬೆಂಬಲ ಅನ್ನುವ ಷರತ್ತನ್ನು ಹಗುರಾಗಿ ತಗೊಳ್ಳಬೇಡಿ. ಕಾಶ್ಮೀರದಲ್ಲಿ 2005ರ ಏಪ್ರಿಲ್‌ನಲ್ಲಿ ಶ್ರೀನಗರ-ಮುಜಫರಾಬಾದ್ ಬಸ್ ಶುರುವಾಯಿತು. 2008ರ ಅಕ್ಟೋಬರ್‌ನಿಂದ ನಿಯಂತ್ರಣ ರೇಖೆಯ ಎರಡೂ ಕಡೆಯ ವ್ಯಾಪಾರಿಗಳು ಸರಕಿಗೆ ಸರಕು ಕೊಟ್ಟು ವ್ಯಾಪಾರ ಮಾಡಿದರು. ಬ್ಯಾಂಕ್ ವ್ಯವಹಾರ ಇಲ್ಲ, ಬರೀ ವಿನಿಮಯ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಒಳ್ಳೆಯ ಸಂಪರ್ಕ ಇಲ್ಲ: ಇಬ್ಬರಿಗೂ ಲಾಭ, ಇಬ್ಬರೂ ಸಮ, ವಾರ ವಾರವೂ ಕೆಲಸ. 2019ರ ಏಪ್ರಿಲ್‌ನಲ್ಲಿ ಈ ದಾರಿಯಲ್ಲಿ ಆಯುಧ, ಮಾದಕ ವಸ್ತು, ಖೋಟಾ ನೋಟು ಬರುತ್ತಿದೆ ಅಂತ ಹೇಳಿ ಕೇಂದ್ರ ಸರ್ಕಾರ ವ್ಯಾಪಾರ ನಿಲ್ಲಿಸಿತು. ಅದು ಸರಿಯೋ ತಪ್ಪೋ ಇಲ್ಲಿನ ಚರ್ಚೆಯಲ್ಲ. ಹತ್ತು ವರ್ಷದ ಸಂಬಂಧ ಒಂದು ಆದೇಶದ ಮೇಲೆ ನಿಂತಿತ್ತು ಅನ್ನುವುದನ್ನು ಯೋಜನೆ ಬರೆಯುವವರು ನೆನಪಿಡಬೇಕು. ಉತ್ತರ ಐರ್ಲೆಂಡ್‌ನಲ್ಲಿ 1998ರ ಶಾಂತಿ ಒಪ್ಪಂದ ಆಗಿ ಇಷ್ಟು ವರ್ಷವಾದರೂ ಬಹುಪಾಲು ಮಕ್ಕಳು ಪ್ರೊಟೆಸ್ಟೆಂಟ್, ಕ್ಯಾಥೊಲಿಕ್ ಅಂತ ಬೇರೆ ಬೇರೆ ಶಾಲೆಗೇ ಹೋಗುತ್ತಾರೆ. ಬೆರೆತು ಓದುವ ಮೊದಲ ಶಾಲೆ 1981ರಲ್ಲಿ 28 ಮಕ್ಕಳಿಂದ ಶುರುವಾದದ್ದು, ಅದನ್ನು ಕಟ್ಟಿದ್ದು ತಂದೆ ತಾಯಂದಿರು. ಆದರೂ ಅಂಥ ಶಾಲೆಗಳ ಪಾಲು ಇವತ್ತಿಗೂ ಹತ್ತರಲ್ಲಿ ಒಂದರಷ್ಟೂ ಇಲ್ಲ.

ಮಾತಾಡುವವರು ಯಾರು, ಕೇಳುವವರು ಯಾರು

ನನಗೆ ಬಹಳ ತಡವಾಗಿ ತಿಳಿದದ್ದು ಇದು, ಅದಕ್ಕೇ ಒತ್ತಿ ಹೇಳುತ್ತೇನೆ. ಎರಡು ಕಡೆಯವರನ್ನು ಕೂರಿಸಿದಾಗ ನಾವು "ಅವರ ಜಾಗದಲ್ಲಿ ನಿಂತು ಯೋಚನೆ ಮಾಡಿ" ಅಂತ ಇಬ್ಬರಿಗೂ ಹೇಳುತ್ತೇವೆ. ಕೇಳಲು ನ್ಯಾಯವಾಗಿದೆ. ಎಮಿಲ್ ಬ್ರೂನೋ ಮತ್ತು ರೆಬೆಕಾ ಸ್ಯಾಕ್ಸ್ ಅನ್ನುವ ಸಂಶೋಧಕರು 2012ರಲ್ಲಿ ಇದನ್ನು ಪರೀಕ್ಷೆ ಮಾಡಿದರು, ಅರಿಜೋನಾದ ಬಿಳಿಯರು ಮತ್ತು ಮೆಕ್ಸಿಕೋದಿಂದ ಬಂದವರ ನಡುವೆ, ಹಾಗೆಯೇ ಇಸ್ರೇಲಿಗಳು ಮತ್ತು ಪ್ಯಾಲೆಸ್ಟೀನಿಯರ ನಡುವೆ. ಬಲ ಜಾಸ್ತಿ ಇರುವ ಕಡೆಯವರಿಗೆ ಇನ್ನೊಬ್ಬರ ಕಷ್ಟ ಕೇಳಿ ತಮ್ಮ ಮಾತಿನಲ್ಲಿ ಹೇಳುವುದರಿಂದ ಮನಸ್ಸು ಮೆತ್ತಗಾಯಿತು. ಬಲ ಕಡಿಮೆ ಇರುವವರಿಗೆ ಹಾಗೆ ಆಗಲಿಲ್ಲ. ಅವರಿಗೆ ಕೆಲಸ ಮಾಡಿದ್ದು ತಮ್ಮ ಕಷ್ಟವನ್ನು ತಾವೇ ಹೇಳಿಕೊಂಡು ಎದುರಿನವನು ಅದನ್ನು ಕೇಳಿಸಿಕೊಂಡಿದ್ದಾನೆ ಅಂತ ಗೊತ್ತಾದದ್ದು.

ಯೋಚನೆ ಮಾಡಿದರೆ ಸಹಜವೇ ಅಲ್ವಾ. ಕೂಲಿ ಮಾಡುವವಳಿಗೆ ಗೌಡರ ಮನಸ್ಸಿನಲ್ಲಿ ಏನಿದೆ ಅಂತ ದಿನಾ ಲೆಕ್ಕ ಹಾಕಿಯೇ ಬದುಕಬೇಕು. ಅವಳಿಗೆ ಮತ್ತೆ "ಅವರ ಕಷ್ಟವನ್ನೂ ಸ್ವಲ್ಪ ಅರ್ಥ ಮಾಡಿಕೊಳ್ಳಮ್ಮ" ಅಂದರೆ ಸಿಟ್ಟು ಬರದೆ ಇನ್ನೇನು ಬರುತ್ತೆ? ನಿಮ್ಮ ಕಾರ್ಯಕ್ರಮದಲ್ಲಿ ಎರಡೂ ಕಡೆಗೆ ಹತ್ತತ್ತು ನಿಮಿಷ ಅಂತ ಗಡಿಯಾರ ಹಿಡಿದು ಸಮ ಮಾಡಿದರೆ ಅದು ಸಮ ಆಗುವುದಿಲ್ಲ. ಬಲ ಕಡಿಮೆ ಇರುವವರು ಮೊದಲು ಮಾತಾಡಲಿ, ಜಾಸ್ತಿ ಹೊತ್ತು ಮಾತಾಡಲಿ, ಎದುರಿನವರು ಕೇಳಿದ್ದನ್ನು ವಾಪಸ್ ಹೇಳಲಿ. ಕೆಲವು ಜಗಳಗಳಲ್ಲಿ ಯಾರ ಕೈ ಮೇಲು ಅನ್ನುವುದೇ ಗೊಂದಲ. ಜಿಲ್ಲೆಯಲ್ಲಿ ಒಬ್ಬರು ಜಾಸ್ತಿ, ಊರಲ್ಲಿ ಇನ್ನೊಬ್ಬರು. ಆಗ ಕಾರ್ಯಕ್ರಮ ನಡೆಯುವ ಜಾಗದ ಲೆಕ್ಕ ಹಿಡಿಯಿರಿ.

ಈ ಬಗೆಯ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಎರಡು. ಒಂದು, 1995ರಲ್ಲಿ ಶುರುವಾದ ಇಸ್ರೇಲಿ-ಪ್ಯಾಲೆಸ್ಟೀನಿ ಕುಟುಂಬಗಳ ಕೂಟ. ಈ ಜಗಳದಲ್ಲಿ ಮನೆಯವರನ್ನು ಕಳೆದುಕೊಂಡವರಷ್ಟೇ ಅದರ ಸದಸ್ಯರು. ಶಾಲೆಗೆ ಹೋಗುವಾಗ ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು, ಜೋಡಿಯಾಗಿ ಹೋಗುತ್ತಾರೆ. ಮಗಳನ್ನು ಕಳೆದುಕೊಂಡ ಅಪ್ಪನಿಗೆ ನೀನು ದೇಶದ್ರೋಹಿ ಅನ್ನುವುದು ಸುಲಭವಲ್ಲ (ಹಾಗಂತ ಯಾರೂ ಅನ್ನಲಿಲ್ಲ ಅಂತಲ್ಲ). ಎರಡು, ಇಸ್ರೇಲಿನ ಡಾನ್ ಬಾರ್-ಓನ್ ಮತ್ತು ಪ್ಯಾಲೆಸ್ಟೀನಿನ ಸಾಮಿ ಅದ್ವಾನ್ ಎರಡೂ ಕಡೆಯ ಮೇಷ್ಟ್ರುಗಳನ್ನು ಕೂರಿಸಿ ಮಾಡಿಸಿದ ಇತಿಹಾಸದ ಪಾಠ. ಒಂದೇ ಪುಟದಲ್ಲಿ ಒಂದು ಬದಿಗೆ ಇಸ್ರೇಲಿ ಕಥೆ, ಇನ್ನೊಂದು ಬದಿಗೆ ಪ್ಯಾಲೆಸ್ಟೀನಿ ಕಥೆ, ನಡುವೆ ಮಗು ಬರೆಯಲಿ ಅಂತ ಖಾಲಿ ಜಾಗ. ಒಪ್ಪಂದದ ಮೂರನೇ ಕಥೆ ಬರೆಯಲು ಅವರು ಹೋಗಲೇ ಇಲ್ಲ. ಸರ್ಕಾರಗಳ ಕಡೆಯಿಂದ ಮಾತ್ರ ಆ ಪುಸ್ತಕಕ್ಕೆ ಅಡ್ಡಿಯೇ ಜಾಸ್ತಿ ಬಂತು.

ದೊಡ್ಡವರ ಮೇಜು

ಹಾರ್ವರ್ಡ್‌ನ ಹರ್ಬರ್ಟ್ ಕೆಲ್ಮನ್ 1970ರ ದಶಕದಿಂದ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿಯರನ್ನು ಕೆಲವೇ ದಿನದ ಗುಪ್ತ ಕಾರ್ಯಾಗಾರಗಳಲ್ಲಿ ಕೂರಿಸಿದರು. ಪತ್ರಿಕೆಯವರಿಲ್ಲ, ರೆಕಾರ್ಡಿಂಗ್ ಇಲ್ಲ, ಸಹಿ ಇಲ್ಲ. ನಡೆಸುವವನು ಪರಿಹಾರ ಸೂಚಿಸುವುದಿಲ್ಲ. "ನಿಮಗೆ ಯಾವುದರ ಭಯ?" ಅಂತ ಎರಡೂ ಕಡೆಗೆ ಕೇಳಿ, ಇನ್ನೊಬ್ಬರ ಭಯವನ್ನೂ ಮುಟ್ಟುವ ಪರಿಹಾರ ಅವರಿಂದಲೇ ಹುಟ್ಟುವ ತನಕ ಕಾಯುತ್ತಾನೆ. ಅಧಿಕಾರಕ್ಕೆ ಹತ್ತಿರ ಇದ್ದೂ ಕುರ್ಚಿಯಲ್ಲಿ ಕೂರದವರನ್ನು ಆರಿಸುತ್ತಿದ್ದರು. ಸಲಹೆಗಾರರು, ಸಂಪಾದಕರು, ಮಾಜಿ ಅಧಿಕಾರಿಗಳು ಇಂಥವರು. ಹೀಗೆ ಕೂತವರಲ್ಲಿ ಕೆಲವರು ಮುಂದೆ ಎರಡೂ ಕಡೆಯ ನಾಯಕರು ಮಾಡಿಕೊಂಡ 1993ರ ಓಸ್ಲೋ ಒಪ್ಪಂದದ ಸುತ್ತಮುತ್ತಲೂ ಇದ್ದರು. ಆ ಪ್ರಕ್ರಿಯೆ 2000ದ ಹೊತ್ತಿಗೆ ಕುಸಿಯಿತು ಅನ್ನುವುದೂ ನಿಜ.

ಸಣ್ಣ ಸಂಸ್ಥೆಗೆ ಇದು ಆಗದ ಮಾತು. ಅಂಥವರು ನೀವು ಕರೆದರೆ ಬರುವುದಿಲ್ಲ, ಬಂದರೂ ಗುಟ್ಟು ನಿಲ್ಲುವುದಿಲ್ಲ. ಊರ ಮಟ್ಟಕ್ಕೆ ಇಳಿಸಿ ಮಾಡಬಹುದು. ಪೊಲೀಸ್ ಠಾಣೆಯಲ್ಲಿ ಹಬ್ಬದ ಮುಂಚೆ ನಡೆಯುವ ಶಾಂತಿ ಸಮಿತಿ ಸಭೆ ಇದಲ್ಲ. ಅಲ್ಲಿ ಎಲ್ಲರೂ ಶಾಲು ಹೊದ್ದು ಚಹಾ ಕುಡಿದು ಒಳ್ಳೆಯ ಮಾತಾಡಿ ಹೋಗುತ್ತಾರೆ, ಭಯ ಯಾರೂ ಹೇಳಿಕೊಳ್ಳುವುದಿಲ್ಲ.

ಗಾಯಕ್ಕೆ ಮದ್ದು ಮೊದಲೋ, ಸತ್ಯ ಮೊದಲೋ

ನನ್ನ ಪ್ರಕಾರ ತಪ್ಪು ಆಯ್ಕೆಯಿಂದ ಜನರಿಗೆ ನಿಜವಾಗಿ ಪೆಟ್ಟು ಬೀಳುವುದು ಇಲ್ಲೇ.

2015ರಲ್ಲಿ ಎಂಎಸ್‌ಎಫ್ ಅನ್ನುವ ವೈದ್ಯರ ಸಂಸ್ಥೆ, ಕಾಶ್ಮೀರ ವಿಶ್ವವಿದ್ಯಾಲಯ ಮತ್ತು ಶ್ರೀನಗರದ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ ಕಣಿವೆಯಲ್ಲಿ ಸಮೀಕ್ಷೆ ಮಾಡಿದವು. ವಯಸ್ಕರಲ್ಲಿ ಶೇ. 45ರಷ್ಟು ಜನರಲ್ಲಿ, ಅಂದರೆ ಸುಮಾರು 18 ಲಕ್ಷ ಜನರಲ್ಲಿ, ಮಾನಸಿಕ ಯಾತನೆಯ ಗಮನಾರ್ಹ ಲಕ್ಷಣಗಳು ಕಂಡವು. ಇಂಥ ಕಡೆ ಹೋಗಿ "ಬನ್ನಿ, ಕ್ಷಮೆಯ ಬಗ್ಗೆ ಮಾತಾಡೋಣ" ಅಂದರೆ ಯಾರು ಕೇಳುತ್ತಾರೆ? ರಾತ್ರಿ ನಿದ್ದೆ ಬಾರದವನಿಗೆ ಬಾಗಿಲು ಬಡಿದ ಸದ್ದಿಗೇ ಮೈ ನಡುಗುತ್ತಿರುತ್ತೆ. ಎದುರಿನವನು ಚಾಚಿದ ಕೈಯಲ್ಲೂ ಅವನಿಗೆ ಕತ್ತಿಯೇ ಕಾಣುತ್ತೆ.

ಇನ್ನೊಂದು ಕಡೆ, ಸತ್ಯ ಹೊರಗೆ ಬರದೆ ಊರು ಒಂದಾಗುವುದಿಲ್ಲ ಅನ್ನುವವರಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಡೆಸ್ಮಂಡ್ ಟುಟು ನೇತೃತ್ವದ ಆಯೋಗ 1996ರಿಂದ ಬಹಿರಂಗವಾಗಿ ಸಾಕ್ಷಿ ಕೇಳಿತು. ರುವಾಂಡಾದಲ್ಲಿ 1994ರ ನರಮೇಧದ ನಂತರ ಹುಲ್ಲಿನ ಮೇಲೆ ಕೂತು ನಡೆಸುವ ಊರ ನ್ಯಾಯಸಭೆಗಳಿಗೆ ಸರ್ಕಾರ ಜೀವ ಕೊಟ್ಟಿತು. ಸಿಯೆರಾ ಲಿಯೋನ್‌ನಲ್ಲಿ 2002ರಲ್ಲಿ ಯುದ್ಧ ಮುಗಿದ ಮೇಲೆ ಒಂದು ಸಂಸ್ಥೆ ಹಳ್ಳಿಗಳಲ್ಲಿ ಬೆಂಕಿ ಹಾಕಿ ಸುತ್ತ ಕೂತು, ಕೊಂದವನು ಒಪ್ಪಿಕೊಳ್ಳುವ, ಕಳೆದುಕೊಂಡವರು ಕ್ಷಮಿಸುವ ಸಭೆಗಳನ್ನು ಮಾಡಿಸಿತು. ಇದನ್ನು 200 ಹಳ್ಳಿಗಳಲ್ಲಿ, ಅರ್ಧಕ್ಕೆ ಸಭೆ ಇದ್ದು ಅರ್ಧಕ್ಕೆ ಇಲ್ಲದೆ, ಅಳೆದು ನೋಡಿದ ಅಧ್ಯಯನ 2016ರಲ್ಲಿ ಬಂತು. ಸಭೆ ನಡೆದ ಹಳ್ಳಿಗಳಲ್ಲಿ ಕ್ಷಮೆ ಹೆಚ್ಚಿತು, ಜನ ಸಂಘಗಳಿಗೆ ಸೇರಿದರು, ಊರ ಕೆಲಸಕ್ಕೆ ಜಾಸ್ತಿ ಕೈ ಹಾಕಿದರು. ಅದೇ ಹಳ್ಳಿಗಳಲ್ಲಿ ಖಿನ್ನತೆ, ಆತಂಕ, ಆಘಾತದ ಲಕ್ಷಣಗಳೂ ಹೆಚ್ಚಿದವು. ಎರಡೂವರೆ ವರ್ಷ ಕಳೆದ ಮೇಲೂ ಎರಡೂ ಹಾಗೇ ಇದ್ದವು.

ಊರು ಚೇತರಿಸಿಕೊಂಡಿತು, ಮನುಷ್ಯ ನವೆದ. ಈ ಫಲಿತಾಂಶ ಓದಿದ ದಿನ ನನಗೆ ಹಳೆಯ ಕೆಲವು ಕಾರ್ಯಕ್ರಮ ನೆನಪಾಗಿ ಹೊಟ್ಟೆ ಕಿವುಚಿದ ಹಾಗಾಯಿತು. ಒಬ್ಬ ತಾಯಿಯನ್ನು ಮೈಕ್ ಮುಂದೆ ಅಳಿಸಿ, ಹಾರ ಹಾಕಿ, ಬಸ್ ಹತ್ತಿಸಿ ಕಳಿಸುವುದು ನಮ್ಮಲ್ಲೂ ನಡೆದಿದೆ. ಅವತ್ತು ರಾತ್ರಿ ಅವಳ ಜೊತೆ ಯಾರಿದ್ದರು ಅಂತ ಕೇಳಿದವರಿಲ್ಲ. ಆದ್ದರಿಂದ ಇಲ್ಲಿ ನನ್ನ ಮಾತು ಖಡಾಖಂಡಿತ: ಆರು ತಿಂಗಳ ಕೌನ್ಸೆಲಿಂಗ್‌ಗೆ ದುಡ್ಡಿಲ್ಲದಿದ್ದರೆ ಸತ್ಯ ಹೇಳಿಸುವ ಸಭೆ ಮಾಡಲೇಬೇಡಿ. ಬರೀ ಕೌನ್ಸೆಲಿಂಗ್ ಮಾಡಿದರೆ ನಡೆಯುತ್ತಾ ಅಂದರೆ, ನಡೆಯುತ್ತೆ. ಅದರಿಂದ ಎರಡು ಸಮುದಾಯ ಹತ್ತಿರ ಬರುವುದಿಲ್ಲ, ನಿದ್ದೆ ಬರುತ್ತೆ. ನಿದ್ದೆ ಬಂದವನ ಹತ್ತಿರ ಮುಂದಿನ ಮಾತು ಆಡಬಹುದು.

ಇನ್ನೊಂದು ತೊಡಕೂ ಇದೆ. ಮಾನಸಿಕ ಚಿಕಿತ್ಸೆ ಅಂದ ತಕ್ಷಣ ಜನ ಹಿಂದೆ ಸರಿಯುತ್ತಾರೆ. ಮಾನಸಿಕ ಆಸ್ಪತ್ರೆ ಇರುವ ನಮ್ಮ ಊರಿನ ಹೆಸರೇ ಅದಕ್ಕೆ ಸಾಕ್ಷಿ, "ಇವನನ್ನ ಧಾರವಾಡಕ್ಕ ಕಳಸಬೇಕು" ಅಂದರೆ ಅರ್ಥ ಏನು ಅಂತ ಇಡೀ ಉತ್ತರ ಕರ್ನಾಟಕಕ್ಕೆ ಗೊತ್ತು. ಆದ್ದರಿಂದ ಬೋರ್ಡ್ ಹಾಕಿಕೊಂಡು ಕೂರದೆ, ಅಲ್ಲಿಯ ಭಾಷೆಯ, ಅಲ್ಲಿಯ ಓಣಿಯ ಹೆಂಗಸರಿಗೆ, ಆಶಾ ಕಾರ್ಯಕರ್ತೆಯರಿಗೆ ಕಲಿಸಿ ಅವರ ಕೈಯಿಂದ ಮಾಡಿಸಿ.

ರೇಡಿಯೋ ದಾರಿ

ರುವಾಂಡಾದಲ್ಲಿ ಕೊಲ್ಲಲು ಹುರಿದುಂಬಿಸಿದ್ದೂ ರೇಡಿಯೋ, ಹತ್ತು ವರ್ಷದ ನಂತರ 2004ರಲ್ಲಿ ರಾಜಿಯ ಕಥೆ ಹೇಳಿದ್ದೂ ರೇಡಿಯೋ. ಎರಡು ಗುಡ್ಡದ ಊರುಗಳ ಜಗಳ, ನಡುವೆ ಒಂದು ಪ್ರೀತಿ, ಹೀಗೆ ಸಾಗುವ ಧಾರಾವಾಹಿ. ಧಾರವಾಡ ಆಕಾಶವಾಣಿಯ ನಾಟಕ ಕೇಳಿ ಬೆಳೆದ ನನ್ನಂಥವರಿಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತೆ. ಎಲಿಜಬೆತ್ ಲೆವಿ ಪಾಲಕ್ ಅನ್ನುವ ಸಂಶೋಧಕಿ ಕೆಲವು ಗುಂಪುಗಳಿಗೆ ಒಂದು ವರ್ಷ ಈ ನಾಟಕ, ಬೇರೆ ಗುಂಪುಗಳಿಗೆ ಆರೋಗ್ಯದ ನಾಟಕ ಕೇಳಿಸಿದರು. ಕೇಳಿದವರ ಸ್ವಂತ ನಂಬಿಕೆ ಅಷ್ಟೇನೂ ಬದಲಾಗಲಿಲ್ಲ. "ನಮ್ಮ ಜನ ಏನನ್ನು ಸರಿ ಅನ್ನುತ್ತಾರೆ" ಅನ್ನುವ ಅಂದಾಜು ಬದಲಾಯಿತು, ನಡವಳಿಕೆಯೂ ಬದಲಾಯಿತು. ಕೊನೆಗೆ ಪ್ರತಿ ಗುಂಪಿಗೂ ಒಂದು ಟೇಪ್‌ರೆಕಾರ್ಡರ್ ಮತ್ತು ಕ್ಯಾಸೆಟ್ ಉಡುಗೊರೆ ಕೊಟ್ಟರು. ಆರೋಗ್ಯದ ನಾಟಕದವರು ಅದನ್ನು ಊರ ಮುಖ್ಯಸ್ಥನ ಕೈಗೆ ಕೊಟ್ಟರೆ ಆಯಿತು ಅಂದರು. ರಾಜಿ ನಾಟಕದವರು ಚರ್ಚೆ ಮಾಡಿ, ಎಲ್ಲರೂ ಸೇರಿ ನೋಡಿಕೊಳ್ಳೋಣ ಅಂದರು.

ಒಳ್ಳೆಯದೇ. ಇದಕ್ಕೆ ಜಾಸ್ತಿ ಸಮಯ ಬೇಕು, ಒಳ್ಳೆಯ ಕಥೆಗಾರ ಬೇಕು, ಒಟ್ಟಿಗೆ ಕೂತು ಕೇಳುವ ಜನ ಬೇಕು. ಒಬ್ಬೊಬ್ಬರೇ ಇಯರ್‌ಫೋನ್‌ನಲ್ಲಿ ಕೇಳುವ ವಾಟ್ಸಾಪ್ ಕ್ಲಿಪ್ಪಿನಿಂದ ಊರ ಅಂದಾಜು ಬದಲಾಗುತ್ತಾ ಅನ್ನುವುದರ ಮೇಲೆ ನನಗೆ ನಂಬಿಕೆ ಕಡಿಮೆ.

ಒಂದೇ ಕಡೆಯವರು ಸಿಕ್ಕಾಗ

ಎದುರಿನವರನ್ನು ಕರೆತರಲು ಆಗದೇ ಇರುವ ಕಡೆ ಒಬ್ಬರ ಮನಸ್ಸಿನ ಮೇಲಷ್ಟೇ ಕೆಲಸ ಮಾಡಬಹುದು. ಇಸ್ರೇಲಿನ ಎರಾನ್ ಹಾಲ್ಪರಿನ್ ಮತ್ತು ಜೊತೆಗಾರರು ಇದರಲ್ಲಿ ಮುಂದಿದ್ದಾರೆ. ಕೆರಳಿಸುವ ಸುದ್ದಿಯನ್ನು ಹೊರಗಿನವನಂತೆ, ವಿಜ್ಞಾನಿಯಂತೆ ದೂರ ನಿಂತು ನೋಡುವುದನ್ನು ಅಭ್ಯಾಸ ಮಾಡಿಸಿದಾಗ ಸಿಟ್ಟು ಇಳಿದು ಮಾತುಕತೆಗೆ ಬೆಂಬಲ ಹೆಚ್ಚಿತು. ಐದು ತಿಂಗಳ ನಂತರವೂ ಅದು ಉಳಿದಿತ್ತು. 2011ರ ಇನ್ನೊಂದು ಅಧ್ಯಯನದಲ್ಲಿ ಎದುರಿನವರ ಹೆಸರನ್ನೇ ಎತ್ತದೆ, ಗುಂಪುಗಳ ಸ್ವಭಾವ ಕಾಲಕ್ಕೆ ತಕ್ಕಂತೆ ಬದಲಾಗುತ್ತೆ ಅನ್ನುವ ಲೇಖನ ಓದಿಸಿದ್ದಕ್ಕೇ ರಾಜಿಯ ಕಡೆ ಒಲವು ಬಂತು, ಅದೂ ಎರಡೂ ಕಡೆಯವರಲ್ಲಿ.

ಇನ್ನೊಂದು ತಮಾಷೆಯ ದಾರಿ ಇದೆ. ಗಟ್ಟಿ ನಿಲುವಿನವರಿಗೆ ವಿರುದ್ಧ ವಾದ ಹೇಳದೆ ಅವರದ್ದೇ ವಾದವನ್ನು ಇನ್ನೂ ಎಳೆದು ತೋರಿಸುವುದು. "ನಮ್ಮ ವೀರರು ಬೇಕಲ್ಲ, ಅದಕ್ಕೆ ಈ ಜಗಳ ಬೇಕೇ ಬೇಕು" ಅನ್ನುವ ಧಾಟಿಯ ಚಿಕ್ಕ ಚಿಕ್ಕ ವಿಡಿಯೋಗಳು. ನೋಡಿದವರು "ಛೇ, ನಾವು ಅಷ್ಟು ಹೇಳಿಲ್ಲ" ಅಂತ ಸ್ವಲ್ಪ ಹಿಂದೆ ಬಂದರು. ನಮ್ಮ ಕಡೆ ಹಿರಿಯರು ಹಟಮಾರಿ ಮಗನಿಗೆ "ಹೌದಪ್ಪಾ, ಮನೀನೂ ಸುಟ್ಟಬಿಡು, ಆಮೇಲೆ ಆರಾಮ ಇರೂಣು" ಅನ್ನುತ್ತಾರಲ್ಲ, ಅದೇ ಧಾಟಿ. ಬಲ ಇರುವ ಕಡೆಯ ಹಟಮಾರಿಗಳಿಗೆ ಸರಿ. ಪೆಟ್ಟು ತಿಂದವರ ಮೇಲೆ ಪ್ರಯೋಗ ಮಾಡಿದರೆ ಅದು ಅವಮಾನ.

ದುಡ್ಡು ಕೊಟ್ಟು ಮುಗಿಸೋಣ ಅನ್ನುವವರಿಗೆ

ಹಾವೇರಿ ಕಡೆಯ ನಮ್ಮ ಸಂಬಂಧಿಕರ ಊರಲ್ಲಿ ಅಣ್ಣ ತಮ್ಮಂದಿರ ನಡುವೆ ಗೋವಿನಜೋಳದ ಹೊಲದ ಬದುವಿಗೆ ಇಪ್ಪತ್ತು ವರ್ಷ ಜಗಳ ನಡೆಯಿತು. ಜಾಗ ಎಷ್ಟು ಅಂತೀರಿ, ಎರಡು ಎತ್ತಿನ ಗಾಡಿ ನಿಲ್ಲುವಷ್ಟು. ಯಾರೋ ಪಂಚರು ತಮ್ಮನ ಕಡೆಯಿಂದ ಒಳ್ಳೆಯ ರೇಟು ಕೊಡಿಸುತ್ತೇವೆ ಅಂದರು. ಅಣ್ಣ ಎದ್ದು ನಿಂತು, "ನಮ್ಮಪ್ಪನ್ನ ಮಣ್ಣು ಮಾಡಿದ ಜಾಗಾ ಮಾರ್ಕೊಂಡು ತಿಂದ ಅಂತ ಊರಾಗ ಅನಸ್ಕೋಬೇಕೇನು ನಾನು?" ಅಂದ. ಅವತ್ತಿನಿಂದ ಪಂಚರ ಜೊತೆಗೂ ಮಾತು ಬಿಟ್ಟ.

ಜೆರೆಮಿ ಗಿಂಜಸ್, ಸ್ಕಾಟ್ ಆಟ್ರನ್ ಮತ್ತು ಇತರರು 2007ರಲ್ಲಿ ಇದನ್ನೇ ಪ್ಯಾಲೆಸ್ಟೀನ್ ನೆಲದಲ್ಲಿ ಹೋಗಿ ನೆಲೆಸಿದ ಇಸ್ರೇಲಿಗಳು ಮತ್ತು ಪ್ಯಾಲೆಸ್ಟೀನಿಯರಲ್ಲಿ ಕಂಡರು. ನೆಲ, ಜೆರುಸಲೇಮ್, ನಿರಾಶ್ರಿತರ ಹಕ್ಕು ಇಂಥದ್ದನ್ನು ಪವಿತ್ರ ಅಂತ ಹಿಡಿದವರಿಗೆ ಒಪ್ಪಂದದ ಜೊತೆ ದುಡ್ಡಿನ ಆಸೆ ತೋರಿಸಿದಾಗ ಸಿಟ್ಟು ಜಾಸ್ತಿಯಾಯಿತು, ಹಿಂಸೆಗೆ ಬೆಂಬಲ ಏರಿತು. ಎದುರಿನವರೂ ತಮ್ಮ ಪಾಲಿನ ಪವಿತ್ರವಾದದ್ದನ್ನು ಬಿಟ್ಟುಕೊಡುತ್ತಾರೆ ಅಂದಾಗ ಅದು ಇಳಿಯಿತು, ಅದರಲ್ಲಿ ಒಂದು ಪೈಸೆಯ ಲಾಭ ಇಲ್ಲದಿದ್ದರೂ. ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ಜಗಳದ 1994ರ ದಿನಗಳನ್ನು ನೋಡಿದ ಹುಬ್ಬಳ್ಳಿಯವರಿಗೆ ಎಕರೆ ಗುಂಟೆಯ ಲೆಕ್ಕ ಎಲ್ಲಿ ನಿಲ್ಲುತ್ತೆ ಅಂತ ಹೇಳಿಕೊಡಬೇಕಿಲ್ಲ.

ಬದುವಿನ ಜಗಳ ಮುಗಿದದ್ದು ಹೇಗೆ ಅಂದರೆ, ಒಂದು ಅಮಾವಾಸ್ಯೆ ದಿನ ತಮ್ಮ ಕಾಯಿ ಕರ್ಪೂರ ಹಿಡಿದು ಅಪ್ಪನ ಸಮಾಧಿಗೆ ಬಂದ, ಅಲ್ಲೇ ಇದ್ದ ಅಣ್ಣನಿಗೆ "ನೇಗಿಲ ಇಲ್ಲೀತನಕ ಬರಬಾರದಿತ್ತಣ್ಣಾ, ತಪ್ಪಾತು" ಅಂದ. ಸರ್ವೆಯವರು ಬಂದು ಕಲ್ಲು ನೆಟ್ಟದ್ದು ಆಮೇಲೆ, ಅರ್ಧ ದಿನದ ಕೆಲಸ.

ಹಾಗಾದರೆ ಯಾವುದು?

ಕಾಶ್ಮೀರದಿಂದ ಫೋನ್ ಮಾಡಿದ ಹುಡುಗನಿಗೆ ಕೌನ್ಸೆಲಿಂಗ್ ಅಂದೆ, ಬೇರೆ ಮಾತಿಲ್ಲ. ಭಯ ಇನ್ನೂ ಹಸಿ ಇರುವ ಕಡೆ ಭಾಷೆ ಬಾರದ ಹೊರಗಿನವನು ಸೌಹಾರ್ದ ಮಾಡಿಸಲು ಹೋದರೆ ಜನ ಅವನನ್ನು ಯಾರ ಕಡೆಯವನು ಅಂತ ನೋಡುತ್ತಾರೆ ಅಂತ ಅವನಿಗೇ ಗೊತ್ತಿತ್ತು. ಅಲ್ಲಿಯ ಹತ್ತು ಹುಡುಗಿಯರಿಗೆ ಕಲಿಸು, ನೀನು ಹಿಂದೆ ಇರು ಅಂದೆ. ಮಣಿಪುರದವಳಿಗೂ ಹೆಚ್ಚು ಕಡಿಮೆ ಇದೇ, ಜೊತೆಗೆ ಒಂದೊಂದು ಕಡೆಯವರ ಜೊತೆ ಬೇರೆ ಬೇರೆಯಾಗಿ ಕೂತು ಅವರ ಮಾತು ಬರೆದಿಟ್ಟುಕೋ ಅಂದೆ. ಕೂಡಿಸುವ ದಿನ ಬಂದಾಗ ಬೇಕಾಗುತ್ತೆ.

ಹುಬ್ಬಳ್ಳಿಯ ಹುಡುಗನ ಲೆಕ್ಕ ಬೇರೆ. ಅವನಿರುವ ಕಡೆ ವರ್ಷಗಳಿಂದ ಹೊಡೆದಾಟ ಇಲ್ಲ, ಬರೀ ಗುರ್ ಅನ್ನುವುದು. ಅವನಿಗೆ ಬೆರೆತ ತಂಡ, ಅದೂ ವಾರಕ್ಕೆರಡು ಸಲ, ಕನಿಷ್ಠ ಒಂದು ವರ್ಷ. ಕ್ರಿಕೆಟ್ ಆದರೂ ಸರಿ, ಗಟಾರ ರಿಪೇರಿಯ ಅರ್ಜಿ ಹಿಡಿದು ಪಾಲಿಕೆಗೆ ಅಲೆಯುವುದಾದರೂ ಸರಿ. ನನ್ನ ಓಟು ಗಟಾರಕ್ಕೆ. ಎರಡೂ ಓಣಿಗೆ ನಾರುವುದು ಅದೇ, ಒಬ್ಬರೇ ಹೋದರೆ ಯಾರೂ ಕೇಳುವುದಿಲ್ಲ.

"ಫಲ ಹೆಂಗ ಅಳೀಬೇಕ್ರಿ ಮೇಡಂ? ಫಾರ್ಮ್‌ನ್ಯಾಗ ಕಾಲಂ ಐತಿ," ಅಂದ. "ನಿಮಗೆ ಅವರ ಮೇಲೆ ದ್ವೇಷ ಕಡಿಮೆ ಆಯಿತಾ" ಅಂತ ಕೇಳಿದರೆ ಎಲ್ಲರೂ ಆಯಿತು ಅಂತಲೇ ಅನ್ನುತ್ತಾರೆ, ಕೇಳುವವನು ಒಳ್ಳೆಯ ಹುಡುಗ ಅಂತ. ಆರು ತಿಂಗಳು ಬಿಟ್ಟು ಹೋಗಿ ಆಚೆ ಓಣಿಯ ಕಿರಾಣಿ ಅಂಗಡಿಯವನನ್ನು ವಿಚಾರಿಸು: ಈಚೆ ಓಣಿಯ ಗಿರಾಕಿ ಎಷ್ಟು ಬರುತ್ತಾರೆ, ಉದ್ರಿ ಕೊಡ್ತೀಯಾ? ಇನ್ನೂ ಒಂದು ಹೇಳಿದೆ, ಬಜೆಟ್‌ನಲ್ಲಿ ಟೀ ಶರ್ಟಿಗೆ ಇಟ್ಟ ರೊಕ್ಕವನ್ನು ಪಾಲಿಕೆಗೆ ಹೋಗಿ ಬರುವ ಬಸ್ ಚಾರ್ಜಿಗೆ ಹಾಕು ಅಂತ.